ನಾಲ್ಕು ಸಾವಿರ ಡಾಲರಿನ ಹೆಡ್‌ಫೋನಿಗೆ ಎಷ್ಟರ ಆಂಪ್ ಬೇಕು?

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟವಿರಲಿ, ಹಬ್ಬದ ಊಟದ ಸಾಲಿನಲ್ಲಿ ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು, ಊರಿನ ಸೈಟು ಎಲ್ಲ ಮುಗಿದ ಮೇಲೆ ಮಾತು ಶೋಕಿಯ ಸಾಮಾನಿನ ಕಡೆ ಹೊರಳುವುದು ವಾಡಿಕೆ. ಒಂದು ಕಾಲಕ್ಕೆ ಅದು ಕ್ಯಾಮೆರಾ ಲೆನ್ಸ್ ಆಗಿತ್ತು. ಈಗೀಗ ಹೆಡ್‌ಫೋನ್. ನೇಪರ್‌ವಿಲ್‌ನಲ್ಲೋ ಕ್ಯಾಂಟನ್‌ನಲ್ಲೋ ಮನೆ ಮಾಡಿಕೊಂಡವರಿಗೆ ಸಂಗೀತಕ್ಕೆ ಸಿಗುವುದು ಮಕ್ಕಳು ಮಲಗಿದ ಮೇಲಿನ ಹೊತ್ತು. ಆಗ ಸ್ಪೀಕರ್ ಹಾಕುವಂತಿಲ್ಲ. ಆಸೆ ತಡೆಯಲಾರದೆ ಸಾವಿರವೋ ನಾಲ್ಕು ಸಾವಿರವೋ ಡಾಲರ್ ಕೊಟ್ಟು ಒಳ್ಳೆಯ ಹೆಡ್‌ಫೋನ್ ತಂದಿರುತ್ತಾರೆ. ತಂದ ಮೇಲೆ ಶುರುವಾಗುತ್ತದೆ ಚಿಂತೆ: "ಸರ್, ಇದಕ್ಕೆ ಆಂಪ್ ಯಾವುದು, ಡ್ಯಾಕ್ ಯಾವುದು? ಹೆಡ್‌ಫೋನಿಗೆ ಹಾಕಿದಷ್ಟೇ ದುಡ್ಡು ಅದಕ್ಕೂ ಹಾಕಬೇಕಂತೆ, ಹೌದಾ?"

ಹಾಕಬೇಕಾಗಿಲ್ಲ. ಇಪ್ಪತ್ತು ವರ್ಷದ ಹಿಂದೆ ಆ ಮಾತಿಗೆ ಅಷ್ಟಿಷ್ಟು ಅರ್ಥವಿತ್ತು, ಈಗ ಇಲ್ಲ. ಬಹುಪಾಲು ಜನಕ್ಕೆ ಎರಡೂ ಸೇರಿ ಇನ್ನೂರು ಡಾಲರಿನ ಸುತ್ತಮುತ್ತ ಮುಗಿಯುವ ಕೆಲಸ ಇದು. ಕೆಲವರಿಗೆ ಒಂಬತ್ತು ಡಾಲರಿಗೇ ಮುಗಿಯುತ್ತದೆ. ಯಾರಿಗೆ ಎಷ್ಟು ಎಂಬುದು ಅಂಗಡಿಯವನ ಮಾತಿನಲ್ಲಿಲ್ಲ, ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಎರಡು ಅಂಕಿಗಳಲ್ಲಿದೆ.

ಮೊದಲು ಇವೆರಡು ಡಬ್ಬಿಗಳ ಕೆಲಸ ಏನೆಂದು ನೋಡಿಬಿಡೋಣ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಹಾಡು ಇರುವುದು ಅಂಕಿಗಳ ಸಾಲಾಗಿ. ಆ ಅಂಕಿಗಳನ್ನು ಏರಿಳಿಯುವ ವಿದ್ಯುತ್ ವೋಲ್ಟೇಜಾಗಿ ಪರಿವರ್ತಿಸುವುದು ಡ್ಯಾಕ್. ಆ ವೋಲ್ಟೇಜಿಗೆ ಹೆಡ್‌ಫೋನಿನ ಪರದೆಯನ್ನು ಅಲುಗಾಡಿಸುವಷ್ಟು ಕಸುವು ತುಂಬುವುದು ಆಂಪ್. ಫೋನಿನೊಳಗೂ ಇವೆರಡೂ ಇರುತ್ತವೆ, ಸಣ್ಣದಾಗಿ. ಹೊರಗಿನ ಡಬ್ಬಿ ಬೇಕಾಗುವುದು ಒಳಗಿನದು ಸಾಲದಾದಾಗ ಮಾತ್ರ.

ಇನ್ನು ಆ ಎರಡು ಅಂಕಿಗಳು. ಒಂದು ಓಮ್‌ಗಳಲ್ಲಿ ಹೇಳುವ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ. ಇನ್ನೊಂದು ಸೆನ್ಸಿಟಿವಿಟಿ, ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎನ್ನುವ ಲೆಕ್ಕ. ಫ್ರಾನ್ಸಿನ ಫೋಕಲ್ ಕಂಪನಿ 2016ರಲ್ಲಿ ಯುಟೋಪಿಯಾ ಎಂಬ ಹೆಡ್‌ಫೋನನ್ನು ಸುಮಾರು 4,000 ಡಾಲರಿಗೆ ಬಿಟ್ಟಿತು. ಅದರದು 80 ಓಮ್, ಒಂದು ಮಿಲಿವ್ಯಾಟಿಗೆ 104 ಡೆಸಿಬಲ್. ಚೀನಾದ ಹೈಫೈಮನ್ ಕಂಪನಿಯ ಸುಸ್ವರ ಬಂದದ್ದು ಅದರ ಮರುವರ್ಷ, 6,000 ಡಾಲರಿಗೆ. (ಹೌದು, ಹೆಸರು ನಮ್ಮ ಸುಸ್ವರವೇ.) ಅದರದು 60 ಓಮ್, ಒಂದು ಮಿಲಿವ್ಯಾಟಿಗೆ 83 ಡೆಸಿಬಲ್.

ಸಂಗೀತದ ಅತಿ ಜೋರಿನ ಕ್ಷಣಕ್ಕೆ, ಮೃದಂಗದ ಒಂದು ಗುಮಿಕಿಗೋ ಸಿಂಫನಿಯ ಡ್ರಮ್ಮಿಗೋ, 110 ಡೆಸಿಬಲ್ ಬೇಕು ಎಂದಿಟ್ಟುಕೊಳ್ಳಿ. ಅದು ಧಾರಾಳವಾದ ಲೆಕ್ಕ, ಅಷ್ಟರಲ್ಲಿ ಸದಾ ಕೇಳಿದರೆ ಕಿವಿ ಉಳಿಯುವುದಿಲ್ಲ. ಪ್ರತಿ 10 ಡೆಸಿಬಲ್ ಏರಿಕೆಗೆ ಹತ್ತು ಪಟ್ಟು ವಿದ್ಯುತ್ ಬೇಕು, ಪ್ರತಿ 3 ಡೆಸಿಬಲ್‌ಗೆ ಎರಡು ಪಟ್ಟು. ಯುಟೋಪಿಯಾ 104ರಿಂದ 110ಕ್ಕೆ ಏರಲು ಬೇಕಾದದ್ದು 4 ಮಿಲಿವ್ಯಾಟ್, ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಸುಸ್ವರ 83ರಿಂದ 110ಕ್ಕೆ ಏರಲು ಬೇಕಾದದ್ದು 500 ಮಿಲಿವ್ಯಾಟ್, ಐದೂವರೆ ವೋಲ್ಟ್. ಎರಡೂ ಶ್ರೀಮಂತರ ಹೆಡ್‌ಫೋನೇ, ಎರಡರ ಹಸಿವಿನಲ್ಲಿ ನೂರಿಪ್ಪತ್ತೈದು ಪಟ್ಟು ವ್ಯತ್ಯಾಸ. ಬೆಲೆ ನೋಡಿ ಆಂಪ್ ಆರಿಸುವವರು ಎಡವುವುದು ಇಲ್ಲೇ.

ಈಗ ಒಂಬತ್ತು ಡಾಲರಿನ ಮಾತು. ಆಪಲ್ ಕಂಪನಿ ಮಾರುವ, ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಬೆರಳುದ್ದದ ಬಿಳಿ ಅಡಾಪ್ಟರ್ ಇದೆಯಲ್ಲ, ಅದೊಂದು ಪೂರ್ಣ ಪ್ರಮಾಣದ ಡ್ಯಾಕ್ ಮತ್ತು ಆಂಪ್. ಅಮೆರಿಕದಲ್ಲಿ ಸಿಗುವ ಮಾದರಿ ಒಂದು ವೋಲ್ಟ್ ಕೊಡುತ್ತದೆ, ಯುರೋಪಿನದು ಅದರ ಅರ್ಧ. ಒಂದು ವೋಲ್ಟಿಗೆ ಯುಟೋಪಿಯಾ 115 ಡೆಸಿಬಲ್ ಮುಟ್ಟುತ್ತದೆ. ಅಂದರೆ ನಾಲ್ಕು ಸಾವಿರದ ಆ ಹೆಡ್‌ಫೋನಿನಿಂದ ಕಿವಿ ಕೆಡಿಸಿಕೊಳ್ಳಲು ಒಂಬತ್ತು ಡಾಲರ್ ಸಾಕು. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650 ಆದರೆ ಅದೇ ಅಡಾಪ್ಟರಿನಲ್ಲಿ 103 ಡೆಸಿಬಲ್‌ನಷ್ಟು ಶಿಖರ ಸಿಗುತ್ತದೆ. ತಗ್ಗಿನ ದನಿಯಲ್ಲಿ ಕೇಳುವವರಿಗೆ ಅಷ್ಟೇ ಸಾಕು, ಜೋರು ಬೇಕೆನ್ನುವವರಿಗೆ ಸಾಲದು. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಅಡಾಪ್ಟರಿನ ಸದ್ದು ಕುಗ್ಗಿ ಬರುತ್ತದೆ, ಅದು ತಿಳಿದಿರಲಿ. ಲ್ಯಾಪ್‌ಟಾಪಿನಲ್ಲಿ ಆ ತೊಂದರೆಯಿಲ್ಲ.

ಪೆಟ್ಟಿಗೆಯ ಅಂಕಿಗಳನ್ನು ಓದುವಾಗ ಒಂದು ಮೋಸಕ್ಕೆ ಎಚ್ಚರವಿರಬೇಕು. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಒಂದು ಮಿಲಿವ್ಯಾಟಿಗೆ ಹೇಳುತ್ತವೆ, ಕೆಲವು ಒಂದು ವೋಲ್ಟಿಗೆ. ಎಚ್‌ಡಿ 650ರದು 103, ಯುಟೋಪಿಯಾದ್ದು 104. ನೋಡಿದರೆ ಅಕ್ಕಪಕ್ಕದ ಮನೆ. ಆದರೆ ಮೊದಲನೆಯದು ವೋಲ್ಟಿನ ಲೆಕ್ಕ, ಎರಡನೆಯದು ಮಿಲಿವ್ಯಾಟಿನ ಲೆಕ್ಕ. ಒಂದೇ ಅಳತೆಗೆ ತಂದರೆ ನಡುವೆ 12 ಡೆಸಿಬಲ್ ಅಂತರ. ಇನ್ನೊಂದು ಮೋಸ ಆಂಪಿನ ಕಡೆಯದು. ಜಾಹೀರಾತಿನಲ್ಲಿ "1 ವ್ಯಾಟ್" ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಅದು 32 ಓಮ್‌ಗೆ ಎಂಬುದು ಸಣ್ಣಕ್ಷರದಲ್ಲಿ. ಅದೇ ಆಂಪ್ ಅದೇ ವೋಲ್ಟೇಜಿನಲ್ಲಿ ನಿಮ್ಮ 300 ಓಮ್ ಹೆಡ್‌ಫೋನಿಗೆ ಕೊಡುವುದು ಅದರ ಹತ್ತನೇ ಒಂದು ಪಾಲಿಗೆ ತುಸು ಹೆಚ್ಚು, ನೂರೇಳು ಮಿಲಿವ್ಯಾಟ್. ಗಾಬರಿ ಬೇಡ. ಎಚ್‌ಡಿ 650 ಅನ್ನು 110ಕ್ಕೆ ಏರಿಸಲು 17 ಮಿಲಿವ್ಯಾಟ್ ಸಾಕು. ಆದರೂ ಆಂಪಿನ ಅಂಕಿಯನ್ನು ನಿಮ್ಮ ಓಮ್‌ಗೇ ನೋಡಬೇಕು, ಬೇರೆಯವರ ಓಮ್‌ಗಲ್ಲ.

ಮೂರನೆಯ ಅಂಕಿಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಆಂಪಿನ ಔಟ್‌ಪುಟ್ ಇಂಪೀಡೆನ್ಸ್. ಅದು ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ಏಕೆಂದರೆ 300 ಓಮ್ ಎಂದು ಬರೆದ ಹೆಡ್‌ಫೋನ್ ಎಲ್ಲ ಸ್ವರಕ್ಕೂ 300 ಓಮ್ ಆಗಿರುವುದಿಲ್ಲ. ಎಚ್‌ಡಿ 600, 650ರಂಥವು ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ 500 ಓಮ್‌ವರೆಗೂ ಏರುತ್ತವೆ. 120 ಓಮ್ ಔಟ್‌ಪುಟ್ ಇರುವ ಟ್ಯೂಬ್ ಆಂಪಿಗೆ ಸಿಕ್ಕಿಸಿದರೆ ಅಲ್ಲಿ ಮಂದ್ರ ಸುಮಾರು ಒಂದು ಡೆಸಿಬಲ್ ಉಬ್ಬುತ್ತದೆ. ಟ್ಯೂಬಿನ "ಬೆಚ್ಚಗಿನ ದನಿ" ಎಂದು ಜನ ಕೊಂಡಾಡುವುದರಲ್ಲಿ ಒಂದು ಪಾಲು ಈ ಓಮ್ ಲೆಕ್ಕದ್ದು. ಅದು ಇಷ್ಟವಾದರೆ ತಪ್ಪೇನಲ್ಲ. ಹಳೆಯ ವಾಲ್ವ್ ರೇಡಿಯೊದ ಕೆಂಪು ದೀಪ ನೋಡಿ ಬೆಳೆದವರಿಗೆ ಅದರ ಮೋಹ ನನಗೂ ಅರ್ಥವಾಗುತ್ತದೆ. ಆದರೆ ಅದು ಉಪ್ಪಿನಕಾಯಿ, ಊಟವಲ್ಲ. ಮೊದಲ ಆಂಪ್ ಟ್ಯೂಬಿನದು ಬೇಡ.

ಕಿವಿಯೊಳಗೆ ಕೂರುವ ಇಯರ್‌ಫೋನ್ ಇರುವವರಿಗೆ ಈ ಮೂರನೆಯ ಅಂಕಿ ಇನ್ನೂ ಮುಖ್ಯ. ಈ ವಿದ್ಯೆಯ ತವರು ಶಿಕಾಗೊದ ಹೊರವಲಯವೇ. ಇಟಾಸ್ಕಾದ ನೋಲ್ಸ್ ಕಂಪನಿ, 1946ರಲ್ಲಿ ಹ್ಯೂ ನೋಲ್ಸ್ ಕಟ್ಟಿದ್ದು, ಶ್ರವಣಯಂತ್ರಗಳಿಗಾಗಿ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಅಕ್ಕಿಕಾಳಿನಷ್ಟು ಚಿಕ್ಕ ಸ್ಪೀಕರುಗಳನ್ನು ಮಾಡಿ ಹೆಸರಾಯಿತು. ಅಲ್ಲಿ ದುಡಿದ ಮೀಡ್ ಕಿಲಿಯನ್ 1983ರಲ್ಲಿ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಎಟಿಮೋಟಿಕ್ ರಿಸರ್ಚ್ ಆರಂಭಿಸಿ 1991ರಲ್ಲಿ ಇಆರ್-4 ಇಯರ್‌ಫೋನ್ ತಂದರು. ಈಗಿನ ಇಯರ್‌ಫೋನ್‌ಗಳಲ್ಲಿ ಇಂಥ ನಾಲ್ಕೈದು ಆರ್ಮೇಚರ್‌ಗಳನ್ನು ಒಟ್ಟು ತುರುಕಿರುತ್ತಾರೆ. ಸ್ವರದಿಂದ ಸ್ವರಕ್ಕೆ ಅವುಗಳ ಓಮ್ ಏರುಪೇರಾಗುವುದು ವಿಪರೀತ. ಅವಕ್ಕೆ ಕಸುವಿನ ಆಂಪ್ ಕೊಟ್ಟರೆ ಹಾಡಿನ ಹಿಂದೆ ಸುಯ್ ಎನ್ನುವ ಸದ್ದು, ವಾಲ್ಯೂಮ್ ನಾಬ್ ಒಂದು ಕೂದಲೆಳೆ ತಿರುಗಿಸಿದರೆ ಕಿವಿಗಡಚಿಕ್ಕು, ಅದರ ಮೇಲೆ ಎಡಕಿವಿಗೆ ಒಂದಿಷ್ಟು ಬಲಕಿವಿಗೆ ಒಂದಿಷ್ಟು. ಇಯರ್‌ಫೋನಿನವರು ಆ ಒಂಬತ್ತು ಡಾಲರಿನ ಅಡಾಪ್ಟರನ್ನೇ, ಅಂದರೆ ಡಾಂಗಲ್ಲನ್ನೇ, ತೆಗೆದುಕೊಂಡು ಇಲ್ಲಿಗೇ ನಿಲ್ಲಬಹುದು.

ಉಳಿದವರಿಗೆ, ಅಗ್ಗದ ಆಂಪ್ ಹೇಗೆ ಇಷ್ಟು ಒಳ್ಳೆಯದಾಯಿತು ಎಂಬ ಕಥೆ ಹೇಳಬೇಕು. 2011ರಲ್ಲಿ ಎನ್‌ಡಬ್ಲ್ಯು-ಎವಿ-ಗೈ ಎಂದಷ್ಟೇ ಹೆಸರು ಹೇಳಿಕೊಂಡ ಅನಾಮಧೇಯ ಎಂಜಿನಿಯರೊಬ್ಬ ಆಬ್ಜೆಕ್ಟಿವ್ 2 ಎಂಬ ಹೆಡ್‌ಫೋನ್ ಆಂಪಿನ ನಕ್ಷೆಯನ್ನು ಪುಕ್ಕಟೆಯಾಗಿ ಜಗತ್ತಿನ ಮುಂದಿಟ್ಟ. ಜೊತೆಗೆ ಅಳತೆಗಳನ್ನೂ ಇಟ್ಟ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಪ್-ಆಂಪ್ ಚಿಪ್‌ಗಳು, ಎರಡು 9 ವೋಲ್ಟ್ ಬ್ಯಾಟರಿ, ಅಂಗೈಯಗಲದ ಬೋರ್ಡು. ಅದನ್ನು ಸಾವಿರದೈನೂರಕ್ಕೂ ಹೆಚ್ಚು ಡಾಲರಿನ ಬೆಂಚ್‌ಮಾರ್ಕ್ ಡ್ಯಾಕ್1 ಪ್ರೀ ಪಕ್ಕ ಇಟ್ಟು, ಸದ್ದು ಸಮ ಮಾಡಿ, ಕಣ್ಣು ಕಟ್ಟಿ ಕೇಳಿದರೆ ವ್ಯತ್ಯಾಸ ಸಿಗದು ಎಂದು ವಾದಿಸಿದ. ದುಬಾರಿ ಆಂಪ್ ಮಾರುವವರಿಗೆಲ್ಲ ಕಣ್ಣುರಿಯಾದ. ಮರುವರ್ಷ ಒಂದು ದಿನ ಮಾತಿಲ್ಲದೆ ಮಾಯವಾದ. 2014ರಲ್ಲಿ ಐಇಇಇ ಸ್ಪೆಕ್ಟ್ರಂ ಪತ್ರಿಕೆ ಅವನ ಬಗ್ಗೆ ಲೇಖನ ಬರೆಯಿತು. ಆದರೂ ಅವನು ಯಾರೆಂದು ಗೊತ್ತಾಗಲಿಲ್ಲ.

ಆ ನಕ್ಷೆ ಹಿಡಿದು ಆಂಪ್ ಜೋಡಿಸಿ ಮಾರಿದವರಲ್ಲಿ ಹೆಸರಾದದ್ದು ಇಲಿನಾಯ್ ರಾಜ್ಯದ್ದೇ ಜೆಡಿಎಸ್ ಲ್ಯಾಬ್ಸ್. ನಮ್ಮ ಕರ್ನಾಟಕದ ಜೆಡಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ಇದರ ಊರು ಕಾಲಿನ್ಸ್‌ವಿಲ್, ಶಿಕಾಗೊದಿಂದ ದಕ್ಷಿಣಕ್ಕೆ ಮುನ್ನೂರು ಮೈಲಿಯ ಆಸುಪಾಸು, ಸೇಂಟ್ ಲೂಯಿಸ್‌ನ ಮಗ್ಗುಲಲ್ಲಿ. ಕೆಚಪ್ ಬಾಟಲಿಯ ಆಕಾರದ 170 ಅಡಿಯ ನೀರಿನ ಟ್ಯಾಂಕಿಗೆ ಪ್ರಸಿದ್ಧವಾದ ಊರು. 2018ರಲ್ಲಿ ಅವರು ಆಟಂ ಎಂಬ ಸ್ವಂತ ಆಂಪನ್ನು 99 ಡಾಲರಿಗೆ ತಂದರು. ಅದಕ್ಕೂ ಮೊದಲೇ, 2012ರ ಕೊನೆಗೆ, ಕ್ಯಾಲಿಫೋರ್ನಿಯಾದ ಶಿಟ್ ಆಡಿಯೊ ಮ್ಯಾಗ್ನಿ ಎಂಬ ಆಂಪ್ ಮತ್ತು ಮೋಡಿ ಎಂಬ ಡ್ಯಾಕನ್ನು ತಲಾ 99 ಡಾಲರಿಗೆ ಬಿಟ್ಟಿತ್ತು. ಇಂಗ್ಲಿಷಿನ ಬೈಗುಳದ ಉಚ್ಚಾರವನ್ನೇ ಹೆಸರಾಗಿಟ್ಟುಕೊಂಡ ಕಂಪನಿ, ಅತ್ತೆ ಮಾವನ ಎದುರು ಹೇಳುವಂತಿಲ್ಲ. ಆಮೇಲೆ ಚೀನಾದ ಟಾಪಿಂಗ್, ಎಸ್‌ಎಂಎಸ್‌ಎಲ್, ಫಿಯೊ ಕಂಪನಿಗಳು ನುಗ್ಗಿದವು. ಪೈಪೋಟಿ ಎಷ್ಟಾಯಿತೆಂದರೆ ನೂರು ಡಾಲರಿನ ಆಂಪ್ 32 ಓಮ್‌ಗೆ ಒಂದರಿಂದ ಎರಡು ವ್ಯಾಟ್ ಕೊಡತೊಡಗಿತು, ಕಿವಿಗೆ ಕೇಳದಷ್ಟು ಕಡಿಮೆ ಗದ್ದಲದೊಂದಿಗೆ. ಹೊಟ್ಟೆಬಾಕ ಸುಸ್ವರ ಕೇಳುವ ಅರ್ಧ ವ್ಯಾಟನ್ನೂ ಇವುಗಳಲ್ಲಿ ಕೆಲವು ಕೊಡಬಲ್ಲವು.

ಬ್ಯಾಲೆನ್ಸ್ಡ್ ಎನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಒಂದೊಂದು ಕಿವಿಗೂ ಒಂದರ ಬದಲು ಎರಡು ಆಂಪ್ ಕಟ್ಟುವ ಏರ್ಪಾಡು ಅದು. ಜೋಡೆತ್ತು ಹೂಡಿದಂತೆ. ವೋಲ್ಟೇಜ್ ದುಪ್ಪಟ್ಟಾಗುತ್ತದೆ. ಹೊಲ ದೊಡ್ಡದಿದ್ದರೆ ಬೇಕು, ಇಲ್ಲದಿದ್ದರೆ ಹೊಸ ಕೇಬಲಿಗೆ ದುಡ್ಡು ದಂಡ.

ಡ್ಯಾಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಂಡಿತ: ಖರ್ಚು ಮಾಡಲು ಇದರಷ್ಟು ವ್ಯರ್ಥವಾದ ಜಾಗ ಇನ್ನೊಂದಿಲ್ಲ. 1982ರಲ್ಲಿ ಬಂದ ಸಿಡಿಯ 16 ಬಿಟ್‌ಗೆ 96 ಡೆಸಿಬಲ್ ಹರವಿದೆ. ಇಂದಿನ ನೂರು ಡಾಲರಿನ ಡ್ಯಾಕ್ ಅದನ್ನು ಸಲೀಸಾಗಿ ದಾಟುತ್ತದೆ. ಒಂದರ ಅಳತೆ 115, ಇನ್ನೊಂದರದು 120 ಎಂದು ಕಂಪನಿಗಳು ಬಡಿದಾಡುತ್ತವೆ. ಶಿಕಾಗೊದ ಜನವರಿಯಲ್ಲಿ ಫರ್ನೇಸ್ ಬುಸ್ಸೆಂದು ಗಾಳಿ ಊದುವ ಮನೆಯಲ್ಲಿ, ಹಿಂಬದಿ ತೆರೆದ ಹೆಡ್‌ಫೋನ್ ತೊಟ್ಟು ಕುಳಿತವನಿಗೆ ಆ ಐದು ಡೆಸಿಬಲ್ ಎಲ್ಲಿ ಕೇಳಬೇಕು? ಮಲ್ಲಿಕಾರ್ಜುನ ಮನ್ಸೂರರ ಹಳೆಯ ಆಕಾಶವಾಣಿ ಮುದ್ರಿಕೆಯನ್ನೋ ಎಂಬತ್ತರ ದಶಕದ ಭಾವಗೀತೆ ಕ್ಯಾಸೆಟ್ಟನ್ನೋ ತೆಗೆದುಕೊಳ್ಳಿ. ಕ್ಯಾಸೆಟ್ಟಿನ ಹರವೇ ಐವತ್ತು ಅರವತ್ತು ಡೆಸಿಬಲ್. ತಂಬೂರಿಯ ಹಿಂದೆ ಕೇಳುವ ಸುರ್ ಎಂಬ ಸದ್ದು ಟೇಪಿನದು, ಡ್ಯಾಕಿನದಲ್ಲ. ಸಾವಿರ ಡಾಲರಿನ ಡ್ಯಾಕ್ ಆ ಸುರ್ ಸದ್ದನ್ನು ಇನ್ನಷ್ಟು ನಿಷ್ಠೆಯಿಂದ ಕೇಳಿಸುತ್ತದೆ, ಅಷ್ಟೇ. ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನಲ್ಲಿ 1959ರಿಂದ ಹಾಡು ಹೊಸೆದ ಮೋಟೌನ್ ಸ್ಟುಡಿಯೊದವರು ಕಾರಿನ ರೇಡಿಯೊದಂಥ ಪುಟ್ಟ ಸ್ಪೀಕರಿನಲ್ಲಿ ಹಾಡು ಹೇಗೆ ಕೇಳುತ್ತದೆಂದು ಪರೀಕ್ಷಿಸುತ್ತಿದ್ದರು. ಅವರು ಮಾಡಿಟ್ಟದ್ದೇ ನಮಗೆ ಸಿಗುವುದು. ಡ್ಯಾಕ್ ಅದಕ್ಕೆ ಏನನ್ನೂ ಸೇರಿಸಲಾರದು.

ಯಾವ ಚಿಪ್ ಇದೆ ಎಂದು ಕೇಳುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿರುವ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಅದರ ಚಿಪ್‌ಗಳ "ಮಖಮಲ್ ದನಿ" ಎಂದು ಹೊಗಳಿ ಮಾರುತ್ತಿದ್ದ ಎಷ್ಟೋ ಕಂಪನಿಗಳು ಕೆಲವೇ ತಿಂಗಳಲ್ಲಿ ಇಎಸ್‌ಎಸ್ ಚಿಪ್‌ಗೆ ಬದಲಾಯಿಸಿಕೊಂಡವು. ಡಬ್ಬಿ ಅದೇ, ಬೆಲೆ ಹೆಚ್ಚು ಕಡಿಮೆ ಅದೇ. ಕೇಳುವವರ ನಿದ್ದೆ ಕೆಡಲಿಲ್ಲ. ಚಿಪ್ಪಿಗಿಂತ ಅದರ ಸುತ್ತ ಕಟ್ಟಿದ ಪವರ್ ಸಪ್ಲೈ, ಔಟ್‌ಪುಟ್ ಭಾಗ ಮುಖ್ಯ. ಅವೆರಡನ್ನೂ ಚೆನ್ನಾಗಿ ಕಟ್ಟಲು ಈಗ ಹೆಚ್ಚು ದುಡ್ಡು ಬೇಡ.

ಡ್ಯಾಕ್ ಬದಲಿಸಬೇಕಾದ ನಿಜವಾದ ಕಾರಣ ಒಂದೇ: ಗೊಣಗು. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದೊಡನೆ ಹೆಡ್‌ಫೋನಿನಲ್ಲಿ ಗುಂಯ್ ಎಂದರೆ, ಮೌಸ್ ಆಡಿಸಿದಾಗ ಚರಚರ ಎಂದರೆ ಹೊರಗಿನ ಡ್ಯಾಕ್ ತೆಗೆದುಕೊಳ್ಳಿ.

ಇಷ್ಟಾದರೂ "ನನ್ನ ಕಿವಿಗೆ ವ್ಯತ್ಯಾಸ ಕೇಳುತ್ತದೆ" ಎನ್ನುವವರು ಇದ್ದೇ ಇರುತ್ತಾರೆ. ಅವರ ಮಾತನ್ನು ಅಲ್ಲಗಳೆಯುವ ಬದಲು ಡೆಟ್ರಾಯಿಟ್ ಎಂಜಿನಿಯರುಗಳ ವಿಧಾನವನ್ನು ಮುಂದಿಡುತ್ತೇನೆ. ಡಿಯರ್‌ಬಾರ್ನಿನ ಫೋರ್ಡ್‌ನಲ್ಲಿ, ವಾರನ್‌ನ ಜನರಲ್ ಮೋಟಾರ್ಸ್‌ನಲ್ಲಿ ಎನ್‌ವಿಎಚ್ ಎಂಬ ವಿಭಾಗವಿದೆ. ಕಾರಿನ ಸದ್ದು, ಅದುರು, ಒರಟುತನವನ್ನು ಪಳಗಿಸುವುದೇ ಅವರ ಕೆಲಸ. ನಮ್ಮವರೂ ಆ ಕೆಲಸದಲ್ಲಿದ್ದಾರೆ. ಮನುಷ್ಯನ ತಲೆಯಾಕಾರದ ಬೊಂಬೆಯ ಕಿವಿಗಳಲ್ಲಿ ಮೈಕ್ ಇಟ್ಟು, ಅದನ್ನು ಸೀಟಿನಲ್ಲಿ ಕೂರಿಸಿ, ಕಾರಿನ ಸದ್ದು ಮುದ್ರಿಸಿ, ಆಮೇಲೆ ಹೆಡ್‌ಫೋನಿನಲ್ಲಿ ಹೋಲಿಸಿ ಕೇಳುತ್ತಾರೆ. ಅಂಥ ಸಲಕರಣೆ ಮಾಡುವ ಜರ್ಮನಿಯ ಹೆಡ್ ಅಕೌಸ್ಟಿಕ್ಸ್ ಕಂಪನಿಯ ಅಮೆರಿಕ ಕಚೇರಿ ಇರುವುದು ಮಿಷಿಗನ್ನಿನ ಬ್ರೈಟನ್‌ನಲ್ಲಿ. ಅಲ್ಲಿ ಮೊದಲ ನಿಯಮ, ಹೋಲಿಸುವ ಮುನ್ನ ಸದ್ದಿನ ಮಟ್ಟ ಸರಿಯಾಗಿ ಅಳೆದಿರಬೇಕು. ಏಕೆಂದರೆ ಅರ್ಧ ಡೆಸಿಬಲ್ ಜೋರಿದ್ದದ್ದು ನಮಗೆ ಜೋರೆಂದು ಅನಿಸುವುದಿಲ್ಲ, "ಸ್ಪಷ್ಟ" ಎಂದು ಅನಿಸುತ್ತದೆ.

ಮನೆಯಲ್ಲಿ ಇದನ್ನು ಮಾಡಲು ಇಪ್ಪತ್ತು ಡಾಲರಿನ ಮಲ್ಟಿಮೀಟರ್ ಸಾಕು. 60 ಹರ್ಟ್ಸ್‌ನ ಏಕಸ್ವರದ ಫೈಲನ್ನು ಓಡಿಸಿ. ಸಾವಿರ ಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಗೋಡೆಯ ಕರೆಂಟಿನ ಹರ್ಟ್ಸ್‌ನಲ್ಲಿ ಮಾತ್ರ ನಂಬಿಕಸ್ಥ. ಎರಡು ಕಿಂಡಿಯ ಸ್ಪ್ಲಿಟರ್ ಹಾಕಿ, ಒಂದಕ್ಕೆ ಹೆಡ್‌ಫೋನ್ ಸಿಕ್ಕಿಸಿಯೇ ಇಡಿ. ಹೆಡ್‌ಫೋನ್ ತೆಗೆದು ಅಳೆದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಕಿಂಡಿಗೆ ಖಾಲಿ ಕೇಬಲ್ ಹಾಕಿ ಅದರ ಪ್ಲಗ್ಗಿನ ತುದಿಗೂ ಬುಡಕ್ಕೂ ಮೀಟರಿನ ಕಡ್ಡಿ ತಾಗಿಸಿ, ಎಸಿ ವೋಲ್ಟ್ ಓದಿ. ಮೊದಲ ಆಂಪ್ 0.500 ತೋರಿಸಿದರೆ ಎರಡನೆಯದು 0.495ರಿಂದ 0.505ರ ಒಳಗೆ ಬರುವವರೆಗೆ ನಾಬ್ ತಿರುಗಿಸಿ. ಅಲ್ಲಿಗೆ ವ್ಯತ್ಯಾಸ 0.1 ಡೆಸಿಬಲ್‌ನೊಳಗೆ ಬಂತು. ಆಮೇಲೆ ಹೆಂಡತಿಯೋ ಮಗಳೋ ನಿಮ್ಮ ಬೆನ್ನ ಹಿಂದೆ ನಿಂತು ಆಂಪ್ ಬದಲಿಸಲಿ, ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಲಿ. ನೀವು ಊಹಿಸಿ. ಹತ್ತಾರು ಸಲ ಆದ ಮೇಲೆ ತಾಳೆ ನೋಡಿ. ಮನೆಯವರಿಗೂ ಒಳ್ಳೆಯ ಮನರಂಜನೆ. ಅಂಗಡಿಯ ಮರಳಿಸುವ ಅವಧಿ ಮುಗಿಯುವ ಮುನ್ನ ಇದನ್ನು ಮಾಡಿ ಮುಗಿಸುವುದು ಜಾಣತನ.

ಕೇಳಿ ನೋಡಿ ಕೊಳ್ಳುವ ಆಸೆ ಇದ್ದವರಿಗೆ ಈ ಸೀಮೆಯಷ್ಟು ಅನುಕೂಲದ ಜಾಗ ಕಡಿಮೆ. ಪ್ರತಿ ಏಪ್ರಿಲ್‌ನಲ್ಲಿ ಶಿಕಾಗೊ ಪಕ್ಕದ ಶಾಂಬರ್ಗ್‌ನ ರೆನೈಸನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ಆಕ್ಸ್‌ಪೋನಾ ಎಂಬ ಆಡಿಯೊ ಮೇಳ ನಡೆಯುತ್ತದೆ. ಅದರಲ್ಲಿ ಹೆಡ್‌ಫೋನುಗಳಿಗೇ ಒಂದು ಪ್ರತ್ಯೇಕ ಅಂಗಳವಿದೆ. ಡೆಟ್ರಾಯಿಟ್‌ನಿಂದ ಐ-94 ಹಿಡಿದರೆ ನಾಲ್ಕೂವರೆ ಗಂಟೆ. ಬರುವಾಗ ಗಡಿಯಾರ ಒಂದು ತಾಸು ಹಿಂದೆ ಹೋಗುವುದರಿಂದ ಬೆಳಗಿನ ಕಾಫಿ ಕುಡಿದು ಹೊರಟರೂ ಮಧ್ಯಾಹ್ನದೊಳಗೆ ಒಳಗಿರಬಹುದು. ಶಿಕಾಗೊ ಸುತ್ತಿನ ಝಡ್‌ಎಂಎಫ್ ಕಂಪನಿಯ ಮರದ ಬಟ್ಟಲಿನ ಹೆಡ್‌ಫೋನುಗಳು ಆಡಿಯೊ ಮರುಳರ ನಡುವೆ ಜನಪ್ರಿಯ. ಅವುಗಳಲ್ಲಿ ಹೆಚ್ಚಿನವು 300 ಓಮ್, ವ್ಯಾಟ್ ಬೇಡ, ವೋಲ್ಟ್ ಬೇಕು. 1925ರಲ್ಲಿ ಸಿಡ್ನಿ ಶೂರ್ ಶಿಕಾಗೊದಲ್ಲಿ ರೇಡಿಯೊ ಬಿಡಿಭಾಗ ಮಾರಲು ತೆರೆದ ಶೂರ್ ಕಂಪನಿ ಈಗ ನೈಲ್ಸ್‌ನಲ್ಲಿದೆ. ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಕಾಣುವ ಎಸ್‌ಎಂ 58 ಮೈಕು ಅವರದೇ. ಅವರ ಎಸ್‌ಆರ್‌ಎಚ್ 1840 ಹೆಡ್‌ಫೋನ್ 65 ಓಮ್, ಮಿಲಿವ್ಯಾಟಿಗೆ 96 ಡೆಸಿಬಲ್. 110ಕ್ಕೆ ಬೇಕಾದದ್ದು 25 ಮಿಲಿವ್ಯಾಟ್, ಒಂದೂಕಾಲು ವೋಲ್ಟಿನ ಸುತ್ತ. ಲೆಕ್ಕ ಹಾಕುವ ರೂಢಿಯಾದರೆ ಹೀಗೆ ಅರ್ಧ ನಿಮಿಷದ ಕೆಲಸ.

ಮೇಳಕ್ಕೆ ಹೋಗುವಾಗ ನಿಮ್ಮ ಒಂಬತ್ತು ಡಾಲರಿನ ಡಾಂಗಲ್ಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು, ದೊರೆಸ್ವಾಮಿ ಅಯ್ಯಂಗಾರರ ವೀಣೆಯೋ ಅಶ್ವತ್ಥರ ದನಿಯೋ, ಫೋನಿನಲ್ಲಿರಲಿ. ಹೆಡ್‌ಫೋನನ್ನು ಮೊದಲು ಅವರ ದುಬಾರಿ ಆಂಪಿನಲ್ಲಿ ಕೇಳಿ, ಆಮೇಲೆ ನಿಮ್ಮ ಡಾಂಗಲ್ಲಿಗೆ ಸಿಕ್ಕಿಸಿ ಕೇಳಿ. ಮಳಿಗೆಯವರು ಮುಖ ಸಿಂಡರಿಸಿದರೂ ಬೇಡವೆನ್ನುವುದಿಲ್ಲ. ಆ ಗಲಾಟೆಯಲ್ಲಿ ಆಂಪಿನ ಗುಣ ಅಳೆಯಲಾಗದು, ಹೆಡ್‌ಫೋನಿನದ್ದಂತೂ ತಿಳಿಯುತ್ತದೆ. ಒಂದು ಗಂಟೆ ತೊಟ್ಟರೆ ನೆತ್ತಿ ನೋಯುತ್ತದೋ ಇಲ್ಲವೋ ಎಂಬುದೂ.

ಉಳಿದ ದುಡ್ಡಿಗಿಂತ ದೊಡ್ಡ ಲಾಭ ಕೊಡುವುದು ಈಕ್ವಲೈಜರ್, ಅದೂ ಪುಕ್ಕಟೆ. ವಿಂಡೋಸ್‌ಗೆ ಈಕ್ವಲೈಜರ್ ಎಪಿಒ ಎಂಬ ತಂತ್ರಾಂಶವಿದೆ. ಸೆನ್‌ಹೈಸರ್ ಎಚ್‌ಡಿ 800 ಆರು ಸಾವಿರ ಹರ್ಟ್ಸ್‌ನ ಬಳಿ ಚುಚ್ಚುತ್ತದೆಂದು ಜನ ಅದನ್ನು ಪಳಗಿಸಲು ಆಂಪ್ ಮೇಲೆ ಆಂಪ್ ಬದಲಿಸಿದ್ದುಂಟು. ಅಲ್ಲಿ ನಾಲ್ಕೈದು ಡೆಸಿಬಲ್ ತಗ್ಗಿಸಿದರೆ ಮುಗಿಯಿತು, ಯಾವ ಆಂಪೂ ಅಷ್ಟು ಮಾಡಲಾರದು. ಮಂದ್ರವನ್ನು 6 ಡೆಸಿಬಲ್ ಏರಿಸುವವರು ಮಾತ್ರ ನಾಲ್ಕು ಪಟ್ಟು ಕಸುವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಊರಿಗೆ ಒಯ್ಯುವವರಿಗೆ ಒಂದು ಮಾತು. ಮ್ಯಾಗ್ನಿ, ಆಟಂನಂಥ ಆಂಪ್‌ಗಳ ಜೊತೆ ಬರುವ ಗೋಡೆಗೆ ಚುಚ್ಚುವ ಭಾರದ ಅಡಾಪ್ಟರ್ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಅಮೆರಿಕದ 120 ವೋಲ್ಟಿಗಷ್ಟೇ. ತಮ್ಮನಿಗೆಂದು ಒಯ್ದು ಬೆಂಗಳೂರಿನ 230 ವೋಲ್ಟಿಗೆ, ಪಿನ್ ಬದಲಿಸುವ ಪ್ಲಗ್ ಹಾಕಿ ಚುಚ್ಚಿದರೆ ಹೊಗೆ ಬರುತ್ತದೆ. ಅಡಾಪ್ಟರ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಮಾತ್ರ ಒಯ್ಯಿರಿ. ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಡಬ್ಬಿಗಳಿಗೆ ಈ ರಗಳೆಯಿಲ್ಲ. ಬೆಲೆ ನೋಡುವಾಗ ತೆರಿಗೆಯನ್ನೂ ಸೇರಿಸಿ: ಮಿಷಿಗನ್‌ನಲ್ಲಿ ಶೇ 6, ಶಿಕಾಗೊ ನಗರದಲ್ಲಿ ಶೇ 10ಕ್ಕೂ ಹೆಚ್ಚು. ಚೀನಾದಿಂದ ನೇರ ತರಿಸುವವರಿಗೆ 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿ 2025ರ ಮೇ ತಿಂಗಳಲ್ಲೇ ಮುಗಿಯಿತು. ಚಳಿಗಾಲದಲ್ಲಿ ಕಾರ್ಪೆಟ್ ಮೇಲೆ ನಡೆದು ಬಂದು ಹೆಡ್‌ಫೋನ್ ಮುಟ್ಟುವ ಮುನ್ನ ಬೇರೆ ಯಾವುದಾದರೂ ಲೋಹ ಮುಟ್ಟಿ. ಬೆರಳಿನ ಕಿಡಿ ಆಂಪನ್ನು ಕೆಡಿಸಿದ್ದಿದೆ. ಸ್ವಿಚ್ ಹಾಕಿದ ಮೇಲೆ ಎರಡು ಕ್ಷಣ ಬಿಟ್ಟು ಒಳಗೆ ಟಿಕ್ ಎನ್ನುವ ರಿಲೇ ಇರುವ ಆಂಪ್ ಸಿಕ್ಕರೆ ಅದನ್ನೇ ಆರಿಸಿ, ಹೆಡ್‌ಫೋನಿಗೆ ಅದು ರಕ್ಷೆ.

ನನ್ನ ತೀರ್ಪು ಇಷ್ಟು. ಮಿಲಿವ್ಯಾಟಿಗೆ 100 ಡೆಸಿಬಲ್ ಮೀರಿದ, 100 ಓಮ್ ಒಳಗಿನ ಹೆಡ್‌ಫೋನ್ ಇದ್ದರೆ ಒಂಬತ್ತು ಡಾಲರಿನ ಡಾಂಗಲ್ಲಿನಿಂದ ಶುರು ಮಾಡಿ, ಕೊರತೆ ಕಂಡರೆ ಮಾತ್ರ ಮುಂದಕ್ಕೆ ಹೋಗಿ. 300 ಓಮ್‌ನದಾದರೆ ನೂರು ಡಾಲರಿನ ಆಂಪ್, ಜೊತೆಗೆ ಅದೇ ಡಾಂಗಲ್ ಡ್ಯಾಕ್ ಆಗಿ ದುಡಿಯಲಿ. ಎರಡೂ ಒಂದೇ ಡಬ್ಬಿಯಲ್ಲಿ ಬೇಕೆನ್ನುವವರಿಗೆ 2022ರಲ್ಲಿ 200 ಡಾಲರಿಗೆ ಬಂದ ಫಿಯೊ ಕೆ7ನಂಥದ್ದು ಸಾಕು. ಸುಸ್ವರದಂಥ ಹೊಟ್ಟೆಬಾಕನಿಗೂ ಮುನ್ನೂರು ನಾನೂರು ಡಾಲರಿಗಿಂತ ಮೇಲೆ ಹೋಗಬೇಡಿ. ಕಸುವು ಹೆಚ್ಚಾಯಿತೆಂದು ನಾಬ್ ಏರಿಸಲೂಬೇಡಿ: ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಲೆಕ್ಕದಲ್ಲಿ 85 ಡೆಸಿಬಲ್ ಎಂಟು ಗಂಟೆ ಕೇಳಬಹುದು, 100 ಡೆಸಿಬಲ್ ಆದರೆ ದಿನಕ್ಕೆ ಹದಿನೈದೇ ನಿಮಿಷ.